ಮಾದಣ್ಣನ ಹಿಂದಿನ ಸೀಟು

ಹೋದ ತಿಂಗಳು ಮಗಳ ಕಾರಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿದ್ದೆ. ವಾಪಸು ಹೊರಡುವಾಗ ಪೆಟ್ರೋಲ್ ಹಾಕಿಸೋಣವೆಂದು ಅವಳು ಬಂಕಿನಲ್ಲಿ ನಿಲ್ಲಿಸಿದಳು. ಪಕ್ಕದಲ್ಲೇ ಒಬ್ಬ ತಳ್ಳುಗಾಡಿಯ ಮೇಲೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ. ಗಂಜಿ ಹಾಕಿದ ಹತ್ತಿ ಸೀರೆಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದರೆ ಒಂದು ವಾಸನೆ ಏಳುತ್ತದಲ್ಲ, ತುಸು ಸೀದ ಅನ್ನದ ಹಾಗೆ, ಅದು ಬಂತು. ಅದರ ಜೊತೆಗೇ ಪೆಟ್ರೋಲಿನ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದು ಎಷ್ಟೋ ಕಾಲವಾಗಿತ್ತು. ನಾನು ಹಾಗೇ ಕೂತುಬಿಟ್ಟೆ. ತಲೆ ಸುತ್ತುತ್ತಿದೆಯೇ ಎಂದು ಮಗಳು ಕೇಳಿದಳು. ಪೆಟ್ರೋಲ್ ವಾಸನೆ ಅಷ್ಟೇ ಕಣೆ ಎಂದೆ. ಕಾರಿನಲ್ಲಿ ಕೂತು ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ.

ಅದು ಎಪ್ಪತ್ತೊಂದನೇ ಇಸವಿಯ ಮಾತು. ನಮ್ಮಪ್ಪಾಜಿ ಕೊಳ್ಳೇಗಾಲದಲ್ಲಿ ರೇಷ್ಮೆಗೂಡಿನ ವ್ಯಾಪಾರಿ. ಮನೆಗೆ ನಾವಿಬ್ಬರೇ ಮಕ್ಕಳು, ನಮ್ಮಣ್ಣ ಮಹದೇವಸ್ವಾಮಿ ಮತ್ತು ನಾನು, ಗೌರಮ್ಮಣ್ಣಿ. ಅವನನ್ನು ನಾನು ಕರೆಯುತ್ತಿದ್ದದ್ದು ಮಾದಣ್ಣ ಎಂದು. ಅವನಿಗೆ ಆಗಲೇ ಒಂದು ಗೊಬ್ಬರದ ಕಂಪನಿಯಲ್ಲಿ ಕೆಲಸವಿತ್ತು. ಕಂಪನಿಯವರು ಅವನಿಗೊಂದು ಮೋಟಾರ್ ಸೈಕಲ್ ಕೊಟ್ಟು, ಹನೂರು, ರಾಮಾಪುರ, ಯಳಂದೂರು ಎಂದು ಸುತ್ತಮುತ್ತಲ ಊರುಗಳನ್ನೆಲ್ಲ ಅವನ ತಲೆಗೆ ಕಟ್ಟಿದ್ದರು. ಗದ್ದೆ ಬದುವಿನ ಮೇಲೆ ನಿಂತು ರೈತರಿಗೆ ಯೂರಿಯಾ ಎಂದರೇನೆಂದು ಹೇಳುವ ಕೆಲಸ. ಅದಕ್ಕೆ ಬಿಳೀ ಷರ್ಟು, ಗೆರೆ ಮುರಿಯದ ಪ್ಯಾಂಟು, ಕುತ್ತಿಗೆಗೊಂದು ಟೈ! ಟೈ ಇಲ್ಲದೆ ಸಾಹೇಬರ ಕಣ್ಣಿಗೆ ಬಿದ್ದರೆ ಛೀಮಾರಿ ಹಾಕುತ್ತಿದ್ದರಂತೆ. ಹನೂರಿನ ಕಡೆಯ ರೈತರು ಅವನ ಟೈ ಮುಟ್ಟಿ ನೋಡಿ, ಇದು ಯಾವ ದೇವರ ಹರಕೆ ಸಾ ಎಂದು ಕೇಳುತ್ತಿದ್ದರಂತೆ. ಮನೆಗೆ ಬಂದು ಅದನ್ನು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದ.

ಆ ವರ್ಷ ಹನೂರಿನಲ್ಲಿ ಒಂದು ಬ್ಯಾಂಕು ತೆರೆದರು. ನಾನು ಪರೀಕ್ಷೆ ಬರೆದದ್ದು ಅಪ್ಪಾಜಿಗೆ ಗೊತ್ತಿತ್ತು, ಪಾಸಾಗುತ್ತೇನೆ ಎಂದು ಮಾತ್ರ ಅವರು ಎಣಿಸಿರಲಿಲ್ಲ. ಕೆಲಸದ ಆರ್ಡರು ಬಂದ ದಿನ ಮನೆಯಲ್ಲಿ ಸಾವಾದಂತಿತ್ತು. ನಮ್ಮ ಜನದಲ್ಲಿ ಆಗ ಹೆಣ್ಣುಮಕ್ಕಳು ಓದಿದರೆ ಹೆಮ್ಮೆ, ದುಡಿದರೆ ಅವಮಾನ. ಮಗಳ ಸಂಬಳದಲ್ಲಿ ಉಣ್ಣುವ ಮನೆ ಎಂದು ಒಂದು ಮಾತು ಹುಟ್ಟಿತೆಂದರೆ ಆ ಮನೆಗೆ ಹೆಣ್ಣು ಕೊಡುವವರೂ ಇಲ್ಲ, ಅಲ್ಲಿಂದ ಹೆಣ್ಣು ತರುವವರೂ ಇಲ್ಲ. ಮಾದಣ್ಣ ದಿನಗಟ್ಟಲೆ ಅಪ್ಪಾಜಿಯ ಹಿಂದೆ ಬಿದ್ದ. ಕೊನೆಗೆ ಅವರು ಒಂದು ಷರತ್ತಿನ ಮೇಲೆ ಒಪ್ಪಿದರು. ಮದುವೆ ಗೊತ್ತಾಗುವವರೆಗೆ ಹೋಗಲಿ, ಆದರೆ ನೆಂಟರಿಷ್ಟರ ಕಿವಿಗೆ ಬೀಳಕೂಡದು. ನಮ್ಮ ನೆಂಟರೆಲ್ಲ ಯಳಂದೂರಿನ ಕಡೆಯವರು, ಹನೂರಿನ ದಿಕ್ಕಿಗೆ ತಲೆ ಹಾಕದವರು, ಆದ್ದರಿಂದ ಇದು ನಡೆಯುತ್ತದೆ ಎಂದು ಅವರ ಲೆಕ್ಕ. ಯಾರಾದರೂ ಕೇಳಿದರೆ ಗೌರಿ ಮೈಸೂರಿನಲ್ಲಿ ಅವಳ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹೊಲಿಗೆ ಕಲಿಯುತ್ತಿದ್ದಾಳೆ ಎನ್ನುವುದು ಎಂದಾಯಿತು. ಊರಿಗೆಲ್ಲ ಗೊತ್ತಿದ್ದ ಸಂಗತಿ ನೆಂಟರಿಗೆ ಮಾತ್ರ ಗೊತ್ತಿಲ್ಲದ ಹಾಗೆ ನಾವು ಕಾಪಾಡಿದೆವು.

ಬಸ್ಸಿನ ಮಾತು ಬರುವ ಹಾಗೇ ಇರಲಿಲ್ಲ. ಬೆಟ್ಟಕ್ಕೆ ಹೋಗುವ ಬಸ್ಸುಗಳು ಮಾದಪ್ಪನ ಭಕ್ತರಿಂದಲೇ ತುಂಬಿರುತ್ತಿದ್ದವು, ಅಮಾವಾಸ್ಯೆ ಹತ್ತಿರ ಬಂತೆಂದರೆ ಟಾಪಿನ ಮೇಲೂ ಜಾಗವಿಲ್ಲ. ಜಾಗವಿದ್ದ ಬಸ್ಸೊಂದು ಸಿಕ್ಕಿ ಹನೂರು ಸೇರುವ ಹೊತ್ತಿಗೆ ಬ್ಯಾಂಕಿನ ಬಾಗಿಲು ತೆಗೆದು ಎಷ್ಟೋ ಹೊತ್ತಾಗಿರುತ್ತಿತ್ತು. ಹಾಗಾಗಿ ನನಗೆ ಗತಿ ಮಾದಣ್ಣನ ಹಿಂದಿನ ಸೀಟು.

ಈಗಿನವರಿಗೆ ಇದೇನು ಮಹಾ ಎನ್ನಿಸಬಹುದು. ಆಗ ಹನೂರು ರಸ್ತೆಯಲ್ಲಿ ಟಾರು ಎನ್ನುವುದು ಅಲ್ಲೊಂದು ಇಲ್ಲೊಂದು ತೇಪೆಯಾಗಿ ಉಳಿದಿತ್ತು. ಮಿಕ್ಕದ್ದೆಲ್ಲ ಕೆಂಧೂಳು. ಮುಂದೆ ಒಂದು ಎತ್ತಿನಗಾಡಿ ಹೋದರೂ ಸಾಕು, ಹಿಂದೆ ಬರುವವರ ಹುಬ್ಬು, ರೆಪ್ಪೆ ಎಲ್ಲ ಕೆಂಪಾಗುತ್ತಿತ್ತು. ಲಾರಿ ಹೋಯಿತೋ, ಕಣ್ಣು ಮುಚ್ಚಿಕೊಂಡು ಶಿವಶಿವ ಎನ್ನಬೇಕು. ಅದರ ಮೇಲೆ ನಮ್ಮ ಮ್ಯಾನೇಜರು ಕರಾವಳಿ ಕಡೆಯವರು, ಶಿಸ್ತಿನ ಮನುಷ್ಯ. ಈ ಊರಿನ ಜನ ಇದುವರೆಗೆ ಬ್ಯಾಂಕು ಎಂಬುದನ್ನು ಕಂಡವರಲ್ಲ, ಅವರು ಮೊದಲು ನೋಡುವುದು ನಮ್ಮ ಬಟ್ಟೆಯನ್ನು, ಬಟ್ಟೆ ನೋಡಿಯೇ ನಂಬಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ ಎಂದು ಮೊದಲ ದಿನವೇ ಹೇಳಿದ್ದರು. ನನ್ನನ್ನು ಕೌಂಟರಿನ ಮುಂದೆಯೇ ಕೂರಿಸಿದ್ದರು. ಸೆರಗಿನಲ್ಲಿ ಒಂದು ಸುಕ್ಕಿದ್ದರೂ ಅವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಅಣ್ಣ ತಂಗಿ ಇಬ್ಬರೂ ಸೇರಿ ಇದಕ್ಕೊಂದು ಉಪಾಯ ಮಾಡಿದೆವು. ನಮ್ಮಜ್ಜನದೊಂದು ಹಳೇ ಖಾಕಿ ಕೋಟಿತ್ತು. ಮಾದಣ್ಣ ಅದನ್ನು ಹಿಂದುಮುಂದಾಗಿ ತೊಡುತ್ತಿದ್ದ. ಕೋಟಿನ ಬೆನ್ನು ಅವನ ಎದೆಗೆ, ಗುಂಡಿಗಳು ಅವನ ಬೆನ್ನಿಗೆ. ಗುಂಡಿ ಹಾಕುವ ಕೆಲಸ ನನ್ನದು. ಹೀಗಾದರೆ ಎದುರುಗಾಳಿಯ ಧೂಳು ಗುಂಡಿಯ ಸಂದಿಯಲ್ಲಿ ನುಗ್ಗಿ ಬಿಳೀ ಷರ್ಟನ್ನು ಕೆಡಿಸುವುದಿಲ್ಲ. ಪ್ಯಾಂಟಿಗೆ ಹೊರಗಿನಿಂದ ಒಂದು ಹಳೇ ಪಂಚೆ ಸುತ್ತಿ ಕಟ್ಟುತ್ತಿದ್ದ. ಬೂಟುಗಳು ಗಾಡಿಯ ಪಕ್ಕದ ಡಬ್ಬಿಯಲ್ಲಿ, ಕಾಲಿಗೆ ರಬ್ಬರ್ ಚಪ್ಪಲಿ. ಟೈ ಸುರುಳಿಯಾಗಿ ಜೇಬಿನಲ್ಲಿ. ಇನ್ನು ನಾನು. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಅದರ ಮೇಲೆ ಅವ್ವನ ಒಂದು ಹರಕು ಸೀರೆಯನ್ನು ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಸುತ್ತಿ, ಅದರದೇ ತುದಿಯನ್ನು ತಲೆ ಮುಖಕ್ಕೆಲ್ಲ ಎಳೆದುಕೊಂಡು ಎರಡು ಕಣ್ಣು ಮಾತ್ರ ಬಿಡುತ್ತಿದ್ದೆ. ಧೂಳಿಗೂ ಆಯಿತು, ನೆಂಟರ ಕಣ್ಣಿಗೂ ಆಯಿತು ಎಂದು ಅಪ್ಪಾಜಿಗೆ ಈ ವೇಷ ಬಹಳ ಹಿಡಿಸಿತು. ಕಾಮಗೆರೆಯ ಮಕ್ಕಳು ನಮ್ಮನ್ನು ಕಂಡರೆ ಕೂಗಿಕೊಂಡು ಓಡಿಬರುತ್ತಿದ್ದವು. ಒಬ್ಬ ಬೆನ್ನು ಮುಂದೆ ಮಾಡಿಕೊಂಡು ಗಾಡಿ ಓಡಿಸುತ್ತಾನೆ, ಹಿಂದೆ ಒಂದು ಬಟ್ಟೆಗಂಟು ಕೂತಿದೆ ಎಂದು ಅವಕ್ಕೆ ತಮಾಷೆ.

ಹನೂರು ಇನ್ನೇನು ಬಂತು ಎನ್ನುವಾಗ ರಸ್ತೆಯಿಂದ ಸ್ವಲ್ಪ ಒಳಕ್ಕೆ ಒಂದು ಪಂಪಿನ ಮನೆಯಿತ್ತು. ಅದಕ್ಕೆ ಬಾಗಿಲೂ ಇರಲಿಲ್ಲ, ಪಂಪೂ ಇರಲಿಲ್ಲ. ಅಲ್ಲಿ ಗಾಡಿ ನಿಲ್ಲಿಸುತ್ತಿದ್ದೆವು. ಮಾದಣ್ಣ ರಸ್ತೆಯ ಕಡೆ ಮುಖ ಮಾಡಿ ನಿಂತು ಯಾರಾದರೂ ಬರುತ್ತಾರೇನೋ ಎಂದು ನೋಡಿಕೊಳ್ಳುತ್ತಿದ್ದ. ನಾನು ಗೋಡೆಯ ಮರೆಯಲ್ಲಿ ಮೇಲಿನ ಸೀರೆ ಬಿಚ್ಚಿ, ಕೊಡವಿ, ಮಡಿಸಿ ಚೀಲಕ್ಕೆ ಹಾಕಿ, ನೆರಿಗೆ ಸರಿಮಾಡಿಕೊಂಡು, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದೆ. ಆಮೇಲೆ ಅವನ ಬೆನ್ನಿನ ಗುಂಡಿ ಬಿಚ್ಚುವುದು, ಟೈ ನೇರ ಮಾಡುವುದು. ಹೊರಡುವಾಗ ಇಬ್ಬರೂ ಅಚ್ಚುಕಟ್ಟು. ಹನೂರಿನವರು ನಮ್ಮನ್ನು ಧೂಳು ಮೆತ್ತಿಕೊಂಡು ನೋಡಿದ್ದೇ ಇಲ್ಲ.

ಆಷಾಢದ ಗಾಳಿಯಲ್ಲಿ ಹೀಗೆ ಶುರುವಾದದ್ದು ಭಾದ್ರಪದದ ಮಳೆಯಲ್ಲೂ ನಡೆಯಿತು. ಆ ಗಾಳಿಯಲ್ಲಿ ನನ್ನ ಹರಕು ಸೀರೆ ಪಟಪಟನೆ ಬಡಿದುಕೊಳ್ಳುತ್ತಿತ್ತು, ಚಕ್ರಕ್ಕೆ ಸಿಕ್ಕೀತೆಂದು ಎರಡೂ ಕೈಯಲ್ಲಿ ಹಿಡಿದು ಕೂರಬೇಕಿತ್ತು. ಮಳೆ ಶುರುವಾದ ಮೇಲೆ ಬೇರೆಯೇ ಪಾಡು. ಒಂದು ಬೆಳಿಗ್ಗೆ ಕಾಮಗೆರೆ ದಾಟಿದ ಮೇಲೆ ಹಳ್ಳ ಬಂದಿತ್ತು. ಮಾದಣ್ಣ ನನ್ನನ್ನು ಇಳಿಸಿ, ನೀರಿನಲ್ಲಿ ಗಾಡಿ ತಳ್ಳಿಕೊಂಡು ದಾಟಿಸಿ, ತಿರುಗಿ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದ. ದಡ ಹತ್ತುವಾಗ ಒಂದು ಲಾರಿ ಬಂದು ನನ್ನ ಮೇಲೆ ಕೆಸರು ರಾಚಿತು. ಹರಕು ಸೀರೆ ದಾಟಿ ಒಳಗಿನ ಸೀರೆಗೂ ತಗುಲಿತು. ನಾನು ರಸ್ತೆ ಮಧ್ಯೆ ನಿಂತು ಅಳುವುದಕ್ಕೆ ಶುರುಮಾಡಿದೆ. ಅಂದು ಮೇಲಿನಾಫೀಸಿನಿಂದ ಯಾರೋ ನೋಡಲು ಬರುವವರಿದ್ದರು. ಮಾದಣ್ಣ ತನ್ನ ಕರ್ಚೀಫು ನೆನೆಸಿ ಒರೆಸಿದ, ಸಾಲದಾಯಿತು. ಕೋಟು ಬಿಚ್ಚಿ ಅದರ ಒಳಮೈಯಿಂದ ಒರೆಸಿದ. ಅಂಚಿನಲ್ಲಿ ಒಂದಿಷ್ಟು ಕಲೆ ಉಳಿಯಿತು, ಅದನ್ನು ನೆರಿಗೆಯ ಒಳಕ್ಕೆ ಸೇರಿಸಿದೆ. ಅವನು ಕೋಟಿಲ್ಲದೆ ಉಳಿದ ದಾರಿ ಬಂದ. ಹನೂರು ಸೇರುವ ಹೊತ್ತಿಗೆ ಅವನ ಬಿಳೀ ಷರ್ಟು ಕಡಲೆಕಾಯಿ ಬಿತ್ತಿದ ಹೊಲದ ಬಣ್ಣಕ್ಕೆ ತಿರುಗಿತ್ತು. ನಾನು ಕೌಂಟರಿನಲ್ಲಿ ಠಾಕುಠೀಕಾಗಿ ಕೂತೆ. ಅವನು ಅಂದು ಸಾಹೇಬರಿಂದ ಬೈಸಿಕೊಂಡನೆಂದು ನನಗೆ ಆಮೇಲೆ ಗೊತ್ತಾಯಿತು.

ಇನ್ನು ಹೊನ್ನೂರಿನ ವಿಷಯ ಹೇಳಬೇಕು. ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ ನೀಲಮ್ಮಣ್ಣಿ ಎಂಬ ಹುಡುಗಿಯನ್ನು ಯುಗಾದಿ ಕಳೆದ ಮೇಲೆ ಮಾದಣ್ಣನಿಗೆ ನೋಡಿಕೊಂಡು ಬಂದಿದ್ದೆವು. ಗದ್ದೆ, ಕಬ್ಬು, ತೆಂಗು ಎಲ್ಲ ಇದ್ದ ಮನೆ. ಹುಡುಗಿ ಎಸೆಸೆಲ್ಸಿ ಓದಿದ್ದಳು, ಎದುರಿಗೆ ಬಂದು ಕೂತಾಗಲೂ ತಲೆ ತಗ್ಗಿಸಿರಲಿಲ್ಲ. ಎರಡು ಕಡೆಯವರೂ ಬಾಯಿಮಾತಿನಲ್ಲಿ ಒಪ್ಪಿಕೊಂಡರು. ದಸರಾ ಕಳೆದ ಮೇಲೆ ವೀಳ್ಯಶಾಸ್ತ್ರ, ಕಾರ್ತೀಕದಲ್ಲಿ ಮದುವೆ ಎಂದಾಯಿತು. ಮಾದಣ್ಣನ ಕೆಲಸ ಅವನನ್ನು ಹೊನ್ನೂರಿನ ಗದ್ದೆಗಳಿಗೂ ಕರೆದೊಯ್ಯುತ್ತಿತ್ತು. ಅಥವಾ ಅವನೇ ಕೆಲಸವನ್ನು ಆ ಕಡೆಗೆ ಕರೆದೊಯ್ಯುತ್ತಿದ್ದ, ಯಾರಿಗೆ ಗೊತ್ತು! ಹೊನ್ನೂರಿಗೆ ಹೋಗುವ ದಿನ ಟೈಯನ್ನು ಮೂರು ಸಲ ಕಟ್ಟಿ ಬಿಚ್ಚುತ್ತಿದ್ದ. ಬೂಟಿಗೆ ಹಚ್ಚಿದ ಪಾಲಿಷ್ ಕೈಗೆ ಮೆತ್ತಿಕೊಂಡು ಒದ್ದಾಡುತ್ತಿದ್ದ. ಅವರ ಗದ್ದೆಯ ಬದುವಿನಲ್ಲಿ ಆ ಹುಡುಗಿ ಒಂದೆರಡು ಸಲ ಮಜ್ಜಿಗೆ ತಂದುಕೊಟ್ಟಳಂತೆ. ಏನು ಮಾತಾಡಿದಳು ಎಂದು ನಾನು ಪೀಡಿಸಿದರೆ, ಯೂರಿಯಾ ಯಾವಾಗ ಹಾಕಬೇಕು ಅಂತ ಕೇಳಿದಳು ಎನ್ನುತ್ತಿದ್ದ. ಹೇಳುವಾಗ ಕಿವಿ ಕೆಂಪಾಗುತ್ತಿತ್ತು. ನಮ್ಮಣ್ಣ ಯಾವುದನ್ನೂ ಬಾಯಿಬಿಟ್ಟು ಬೇಕು ಎಂದು ಕೇಳುವ ಜಾತಿಯವನಲ್ಲ. ಅವಳನ್ನು ಮಾತ್ರ ಅವನು ಎಷ್ಟು ಬಯಸಿದ್ದನೆಂದು ಮನೆಯ ಗೋಡೆಗಳಿಗೂ ಗೊತ್ತಿತ್ತು.

ಮಹಾಲಯದ ಹೊತ್ತಿಗೆ ಹೊನ್ನೂರಿನಿಂದ ಬೇಡ ಎಂದು ಹೇಳಿಕಳಿಸಿದರು. ಜಾತಕ ಕೂಡಲಿಲ್ಲವಂತೆ ಎಂದು ಅಪ್ಪಾಜಿ ನನಗೆ ಹೇಳಿದರು. ಒಪ್ಪುವಾಗ ಕೂಡಿದ್ದ ಜಾತಕ ಈಗ ಯಾಕೆ ಕೂಡಲಿಲ್ಲ ಎಂದು ಕೇಳಿದೆ. ದೊಡ್ಡವರ ವಿಷಯ ನಿನಗ್ಯಾಕೆ ಎಂದು ಗದರಿಸಿದರು. ಮಾದಣ್ಣನನ್ನು ಕೇಳಿದರೆ, ಬುಡು ಬುಡು, ಟೈಮಾಯ್ತು ಹತ್ತು ಎಂದು ಗಾಡಿಯ ಕಿಕ್ಕರ್ ಒದ್ದ. ಅಂದಿನಿಂದ ದಾರಿಯುದ್ದಕ್ಕೂ ಅವನು ಮಾತಾಡುವುದನ್ನೇ ಬಿಟ್ಟ. ಮೊದಲಾದರೆ ಎದುರುಗಾಳಿಯಲ್ಲೂ ಕಿರುಚಿಕೊಂಡು ಏನಾದರೂ ಹೇಳುತ್ತಿದ್ದವನು. ಪಂಪಿನ ಮನೆಯ ಹತ್ತಿರ ಬೆನ್ನು ಕೊಟ್ಟು ನಿಂತರೆ ಗುಂಡಿ ಬಿಚ್ಚುವವರೆಗೆ ಮರದ ಹಾಗೆ ನಿಂತಿರುತ್ತಿದ್ದ. ಗಂಡಸಿಗೆ ನಿರಾಸೆಯಾಗಿದೆ, ಸರಿಹೋಗುತ್ತಾನೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು.

ನಿಜ ಸಂಗತಿ ಅವ್ವನ ಬಾಯಿಂದ ಬಂತು. ವಿಜಯದಶಮಿಯ ಮಾರನೇ ದಿನ, ಬ್ಯಾಂಕಿಗೆ ಇನ್ನೂ ರಜೆ. ಅವ್ವ ಹಿತ್ತಿಲಿನಲ್ಲಿ ನನ್ನ ಸೀರೆಗಳಿಗೆ ಗಂಜಿ ಅದ್ದುತ್ತಿದ್ದಳು. ಹಿಂಡುತ್ತಾ ಹಿಂಡುತ್ತಾ ಇದ್ದಕ್ಕಿದ್ದ ಹಾಗೆ ಅಳತೊಡಗಿದಳು. ಈ ಸೀರೆ ಹಾಳಾಗಬಾರದೆಂದು ಹೋಗಿ ನನ್ನ ಮಗನ ಬಾಳು ಹಾಳಾಯಿತಲ್ಲೇ ಎಂದಳು. ಆಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿದಳು.

ನೀಲಮ್ಮಣ್ಣಿಯ ಸೋದರಮಾವನ ಮನೆ ಕಾಮಗೆರೆಯಲ್ಲಿತ್ತು. ಈ ಸಂಬಂಧ ನಮಗೆ ಮೊದಲು ಗೊತ್ತೇ ಇರಲಿಲ್ಲ. ಆತ ಒಂದು ಬೆಳಿಗ್ಗೆ ಹನೂರಿಗೆ ಗಾಡಿ ಕಟ್ಟಿಕೊಂಡು ಹೋಗುವಾಗ ಪಂಪಿನ ಮನೆಯ ಹತ್ತಿರ ನಮ್ಮನ್ನು ದೂರದಿಂದ ಕಂಡಿದ್ದಾನೆ. ಹೊನ್ನೂರಿನ ಗದ್ದೆಯಲ್ಲಿ ಆತ ಮೊದಲೇ ನೋಡಿದ್ದ ಹುಡುಗ, ತನ್ನ ಅಕ್ಕನ ಮಗಳನ್ನು ಮದುವೆಯಾಗಬೇಕಾದವನು, ಕಾವಲು ನಿಂತಿದ್ದಾನೆ, ಗೋಡೆಯ ಹಿಂದೆ ಒಬ್ಬಳು ಹೆಂಗಸು ಸೀರೆ ಬಿಚ್ಚುತ್ತಿದ್ದಾಳೆ! ಆಮೇಲೆ ಆತ ಬೇಕೆಂದೇ ಕಾಮಗೆರೆಯಲ್ಲಿ ಕಾದು ನೋಡಿದ್ದಾನೆ. ದಿನಾ ಅದೇ ಹುಡುಗ, ಹಿಂದೆ ಅದೇ ಹೆಂಗಸು, ಮುಖ ಕಾಣದ ಹಾಗೆ ಮುಸುಕು. ಮರ್ಯಾದಸ್ಥ ಹೆಂಗಸಾದರೆ ಮುಖ ಯಾಕೆ ಮುಚ್ಚಿಕೊಳ್ಳಬೇಕು? ಆದರೂ ಆತ ಅವಸರ ಮಾಡಲಿಲ್ಲ, ಅದನ್ನು ಒಪ್ಪಬೇಕು. ಗೂಡಿನ ಮಾರ್ಕೆಟ್ಟಿಗೆ ಬಂದು ಅಪ್ಪಾಜಿಯನ್ನು ಕಂಡು, ಯಾವ ಸುಳಿವೂ ಕೊಡದೆ, ನಿಮ್ಮ ಮಗಳು ಎಲ್ಲಿದ್ದಾಳೆ ಸಾ ಎಂದು ಕೇಳಿದ್ದಾನೆ. ತಂಗಿಯೇ ಇರಬಹುದೆಂದು ಪಾಪ ಅವನಿಗೂ ಒಂದು ಅನುಮಾನ. ಅಪ್ಪಾಜಿ ಠೀವಿಯಿಂದ, ಮೈಸೂರಿನಲ್ಲಿದ್ದಾಳೆ, ಹೊಲಿಗೆ ಕಲಿಯುತ್ತಿದ್ದಾಳೆ ಎಂದರು. ಅಲ್ಲಿಗೆ ಮುಗಿಯಿತು. ಹೊನ್ನೂರಿನವರು ಹೇಳಿಕಳಿಸಿದ್ದು ಜಾತಕದ ಮಾತನ್ನಲ್ಲ. ನಿಮ್ಮ ಮಗ ಒಬ್ಬಳನ್ನು ಇಟ್ಟುಕೊಂಡಿದ್ದಾನೆ, ನಮ್ಮ ಹುಡುಗಿಯನ್ನು ಬಾವಿಗೆ ತಳ್ಳುವುದಿಲ್ಲ ಎಂದು.

ಹೋಗಿ ನಿಜ ಹೇಳುವುದಕ್ಕೇನು ಕಷ್ಟ ಎಂದು ಅವ್ವನ ಮೇಲೆ ಕೂಗಾಡಿದೆ. ಆಗ ಅವಳು ಹೊನ್ನೂರಿನ ಮಾತು ಬಂದ ದಿನ ಅಪ್ಪ ಮಗನ ನಡುವೆ ನಡೆದ ಮಾತನ್ನು ಹೇಳಿದಳು. ಅಪ್ಪಾಜಿ ತಾವು ಸುಳ್ಳು ಹೇಳಿದೆವೆಂದು ಹೆಣ್ಣಿನ ಕಡೆಯವರ ಮುಂದೆ ಹೇಗೆ ಒಪ್ಪುವುದೆಂದು ಕುದಿಯುತ್ತಿದ್ದರಂತೆ.

"ನಿಜ ಏಳ್ಬೇಕು ಅಂದ್ರೆ ಏಳ್ತೀನಿ ಕಣ್ಲಾ," ಎಂದರಂತೆ. "ಆದ್ರೆ ಗೌರಿ ನಾಳೆಯಿಂದ್ಲೇ ಬ್ಯಾಂಕಿಗೆ ಓಗಂಗಿಲ್ಲ. ನಾಕ್ ದಿನ ತಮಾಷೆಗೆ ಓಗಿದ್ಲು, ಬುಡಿಸ್ಬುಟ್ಟೊ ಅಂತ ಏಳಿ ಮಾನ ಉಳಿಸ್ಕತೀನಿ. ಎಲ್ಡ್ರಲ್ಲಿ ಯಾವ್ದು ಬೇಕು, ನೀನೇ ಏಳು."

ಮಾದಣ್ಣ ಗಾಡಿಯ ಬೀಗದ ಕೈ ತೆಗೆದುಕೊಂಡು ಎದ್ದನಂತೆ.

"ಅವ್ಳ ಕೆಲ್ಸ ಇರ್ಲಿ ಬುಡಿ," ಎಂದನಂತೆ.

ಹಾಗಾದರೆ ಅಂದಿನಿಂದ ಇಂದಿನವರೆಗೆ ದಿನಾ ಬೆಳಿಗ್ಗೆ ಅವನು ಏನು ಕೊಟ್ಟು ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ? ನನಗೊಂದು ಮಾತು ಹೇಳಿದ್ದರೆ ಅಂದೇ ಕೆಲಸ ಬಿಟ್ಟುಬಿಡುತ್ತಿದ್ದೆ ಎಂದು ಈಗ ಬರೆಯಬಹುದು. ಬಿಡುತ್ತಿದ್ದೆನೋ ಇಲ್ಲವೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಆ ಕೌಂಟರಿನಲ್ಲಿ ಕೂತರೆ ನನಗೆ ಅಷ್ಟು ಖುಷಿಯಾಗುತ್ತಿತ್ತು. ಅವನಿಗೆ ಅದು ಗೊತ್ತಿದ್ದದ್ದರಿಂದಲೇ ನನ್ನನ್ನು ಕೇಳಲಿಲ್ಲವೇನೋ.

ಅಂದು ಅಪ್ಪಾಜಿಯೂ ಮಾದಣ್ಣನೂ ಮನೆಯಲ್ಲಿರಲಿಲ್ಲ. ನಾನು ಒಳಗೆ ಹೋಗಿ ಬ್ಯಾಂಕಿಗೆ ಉಡುವ ಸೀರೆಯನ್ನೇ ಉಟ್ಟೆ. ನೆರಿಗೆ ಒಂದೊಂದೂ ಎದ್ದು ನಿಲ್ಲುವ ಹಾಗೆ ಉಟ್ಟೆ. ಮೇಲೆ ಯಾವ ಹರಕೂ ಸುತ್ತಿಕೊಳ್ಳಲಿಲ್ಲ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ನಾನು ಹೋಗಿಯೇ ಹೋಗುತ್ತೇನೆ ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಅವಳೇ ಪಕ್ಕಕ್ಕೆ ಸರಿದಳು. ಯಳಂದೂರಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನಮ್ಮ ದೂರದ ನೆಂಟರೊಬ್ಬರು ಇದ್ದರು, ಏನವ್ವ ಗೌರಿ, ಮೈಸೂರಿಂದ ಯಾವಾಗ ಬಂದೆ ಎಂದರು. ನಾನು ಮೈಸೂರಿಗೆ ಹೋಗೇ ಇಲ್ಲ, ಹನೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ನಮ್ಮಣ್ಣ ದಿನಾ ಮೋಟಾರ್ ಸೈಕಲ್ಲಿನಲ್ಲಿ ಬಿಡುತ್ತಾನೆ ಎಂದೆ. ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದೆ. ಹೇಳುವುದು ಅಷ್ಟು ಸುಲಭವಾಗಿತ್ತು. ಬಸ್ಸು ನಿಲ್ಲಲಿಲ್ಲ, ಯಾರೂ ನನ್ನ ಮೇಲೆ ಉಗುಳಲಿಲ್ಲ. ಆತ ಓಹೋ ಸಂಬಳ ಎಷ್ಟು ಎಂದು ಕೇಳಿದರು, ಅಷ್ಟೇ.

ಯಳಂದೂರಿನಲ್ಲಿ ಇಳಿದು ಹೊನ್ನೂರಿಗೆ ಹೋಗುವ ಒಂದು ಗಾಡಿಯಲ್ಲಿ ಕೂತೆ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಎರಡು ಕಡೆಯೂ ಭತ್ತ ಹೊಡೆ ತುಂಬಿ ನಿಂತಿತ್ತು, ಆಚೆಗೆ ಬಿಳಿಗಿರಿರಂಗನ ಬೆಟ್ಟ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಆ ಹೆಂಗಸು ನಾನೇ, ನನ್ನನ್ನು ನೋಡಿ, ನನ್ನ ಬಾಯಿಂದಲೇ ಕೇಳಿ, ನಮ್ಮಣ್ಣ ಚಿನ್ನ ಎಂದು ಹೇಳಬೇಕು. ಅಪ್ಪಾಜಿ ಹೇಳಿದ್ದು ಸುಳ್ಳೆಂದೂ ಹೇಳಬೇಕು.

ಅವರ ಮನೆಯ ಬಾಗಿಲಿಗೆ ಹಸಿ ತೋರಣ ಕಟ್ಟಿತ್ತು. ಜಗುಲಿಯ ಮೇಲೆ ಎಲೆ ಅಡಿಕೆಯ ತಟ್ಟೆಗಳು ಇನ್ನೂ ಹಾಗೇ ಇದ್ದವು. ನೀಲಳ ತಾಯಿ ನನ್ನನ್ನು ಗುರುತು ಹಿಡಿದು ಒಳಗೆ ಕರೆದರು, ನೀರು ಕೊಟ್ಟರು. ಹಿಂದಿನ ದಿನ ಹಬ್ಬದಂದೇ ನೀಲಳ ವೀಳ್ಯ ಬದಲಾಯಿಸಿದರಂತೆ, ಗಂಡು ಸಂತೇಮರಹಳ್ಳಿ ಕಡೆಯವನಂತೆ. ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿ, ಕಣ್ಣೊರೆಸಿಕೊಂಡು, ವೀಳ್ಯ ಕೊಟ್ಟ ಮೇಲೆ ಮಾತು ಹಿಂದಕ್ಕೆ ಬರುವುದಿಲ್ಲ ಮಗ, ನಿಮ್ಮಪ್ಪಾಜಿ ಈ ಮಾತನ್ನು ಆಗಲೇ ಹೇಳಿದ್ದರೆ ನಾವು ಯಾಕೆ ಬೇಡ ಎನ್ನುತ್ತಿದ್ದೆವು ಎಂದರು. ಹೆಣ್ಣುಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುವುದು ತಪ್ಪು ಎಂದು ಅವರು ಒಂದು ಸಲವೂ ಹೇಳಲಿಲ್ಲ. ಯಾರಿಗೆ ಹೆದರಿ ನಾವು ಮುಸುಕು ಹಾಕಿಕೊಂಡೆವೋ ಅವರಿಗೇ ಅದು ದೊಡ್ಡದಾಗಿರಲಿಲ್ಲ.

ಹೊರಟು ನಿಂತಾಗ ನೀಲಾ ಹಿತ್ತಿಲ ಬಾಗಿಲಿನಿಂದ ಬಂದು, ಗಾಡಿಯವರೆಗೆ ಬರುತ್ತೇನೆ ಎಂದು ಜೊತೆಗೆ ನಡೆದಳು. ತೆಂಗಿನ ತೋಟ ಮುಗಿಯುವವರೆಗೆ ಇಬ್ಬರೂ ನಡೆದೆವು. ಆಮೇಲೆ ಅವಳೇ ನಿಂತಳು.

"ನೀವೇ ಅಂತ ನಂಗೆ ಗೊತ್ತಿತ್ತು ಕಣಕ್ಕ," ಎಂದಳು.

ನಾನು ಅವಳ ಮುಖ ನೋಡಿದೆ. ಸೋದರಮಾವ ಅವಳನ್ನು ಕಾಮಗೆರೆಗೆ ಕರೆಸಿಕೊಂಡಿದ್ದನಂತೆ. ನಿನ್ನ ಗಂಡಿನ ಸಂಪತ್ತು ನೀನೇ ನೋಡು ಎಂದು ಬೆಳಿಗ್ಗೆ ಬೇಲಿಯ ಹಿಂದೆ ನಿಲ್ಲಿಸಿದ್ದನಂತೆ.

"ಗಾಡಿ ಗುಂಡಿಗೆ ಬಿತ್ತು. ನೀವು ಅವ್ರ ಬೆನ್ನಿಗೆ ಗುದ್ದುದ್ರಿ. ಇಬ್ರ ಮಧ್ಯೆ ಊಟದ ಕ್ಯಾರಿಯರ್ ಬೇರೆ. ಇಟ್ಕಂಡೋಳು ಅಂಗೆ ಗುದ್ದಾಳಾ ಅಕ್ಕ? ಒಡುಟ್ಟಿದೋರೇ ಅಂಗ್ ಗುದ್ದೋದು. ನಂಗೆ ನಗ ತಡ್ಯಕ್ಕಾಗ್ಲಿಲ್ಲ, ನಗಾಡ್ಬುಟ್ಟೆ. ಮಾವ ಬಯ್ದ್ರು."

ನೀನು ಹೇಳಲಿಲ್ಲವೇ ಎಂದೆ.

"ಏಳ್ದೆ. ಅವ್ರ ತಂಗಿ ಕಣ್ ಮಾವ ಅಂದೆ. ಅದ್ಕೇ ಮಾವ ಓಗಿ ನಿಮ್ಮಪ್ಪಾಜಿನ ಕೇಳ್ಕಂಡ್ ಬಂದ್ರು. ಎತ್ತಪ್ಪನೇ ಮೈಸೂರಲ್ಲವ್ಳೆ ಅಂದ್ಮೇಕೆ ನನ್ ಮಾತು ಯಾರ್ ಕೇಳ್ತಾರೆ?"

ಗಾಡಿಯವನು ಎತ್ತು ಹೂಡಿ ಕಾಯುತ್ತಿದ್ದ. ನಾನು ಹತ್ತಿ ಕೂತ ಮೇಲೆ ಅವಳು ಗಾಡಿಯ ಅಂಚು ಹಿಡಿದುಕೊಂಡು, ನಿಮ್ಮಣ್ಣನಿಗೆ ಹೇಳಿ, ನಾನು ನಂಬಿರಲಿಲ್ಲ ಅಂತ ಹೇಳಿ ಎಂದಳು. ಗಾಡಿ ಹೊರಟಿತು. ಅವಳು ಅಳಲಿಲ್ಲ. ನಾನು ಯಳಂದೂರಿನವರೆಗೂ ಅತ್ತೆ.

ನಾನು ಬಸ್ಸಿನಲ್ಲಿ ಹೇಳಿದ ಮಾತು ನನಗಿಂತ ಮೊದಲೇ ನೆಂಟರನ್ನೆಲ್ಲ ತಲುಪಿತ್ತು. ಅಪ್ಪಾಜಿ ದೀಪಾವಳಿ ಕಳೆಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಆದರೆ ಕೆಲಸ ಬಿಡು ಎಂದೂ ಅನ್ನಲಿಲ್ಲ, ಅನ್ನುವ ಹಾಗಿರಲಿಲ್ಲ, ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲವಲ್ಲ. ಅಷ್ಟೇ ಅಲ್ಲ, ಮುಂದಿನ ಬೇಸಿಗೆಯ ಹೊತ್ತಿಗೆ ಅದೇ ನೆಂಟರಲ್ಲಿ ಇಬ್ಬರು ತಮ್ಮ ಹೆಣ್ಣುಮಕ್ಕಳಿಗೂ ಬ್ಯಾಂಕಿನಲ್ಲಿ ಕೆಲಸ ಸಿಗುತ್ತದೆಯೇ ಎಂದು ಅಪ್ಪಾಜಿಯನ್ನೇ ಕೇಳಿಕೊಂಡು ಬಂದರು. ನಾನು ರಿಟೈರಾಗುವವರೆಗೂ ಅದೇ ಕೆಲಸ ಮಾಡಿದೆ. ನಿಜ ಹೊರಬಿದ್ದರೂ ನನ್ನ ಕೆಲಸ ಹೋಗಲಿಲ್ಲ. ಅದನ್ನು ಉಳಿಸುವುದಕ್ಕೆಂದು ಮಾದಣ್ಣ ಕೊಟ್ಟದ್ದು ಮಾತ್ರ ವಾಪಸು ಬರಲಿಲ್ಲ. ಅವನ ಮದುವೆಯೂ ಆಯಿತು, ನಮ್ಮತ್ತಿಗೆ ಒಳ್ಳೆಯವಳು, ಮಕ್ಕಳಾದವು. ಅವನು ಸುಖವಾಗಿರಲಿಲ್ಲ ಎಂದು ಹೇಳಿದರೆ ಅವಳಿಗೆ ಅನ್ಯಾಯವಾಗುತ್ತದೆ. ಆದರೂ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಅವ್ವ ಬಾಯಿಬಿಟ್ಟಿದ್ದರೆ, ಅಥವಾ ಅವನು ಒಂದು ಸಲ ನನ್ನನ್ನು ಬೈದಿದ್ದರೆ ಎಂದು ನಾನು ಲೆಕ್ಕ ಹಾಕುವುದು ನಿಂತಿಲ್ಲ.

ಹೊನ್ನೂರಿನಿಂದ ಬಂದ ಆ ಸಂಜೆ ಮಾದಣ್ಣ ಅಂಗಳದಲ್ಲಿ ಗಾಡಿಯ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳಲಿಲ್ಲ, ಅವ್ವ ಹೇಳಿದ್ದಳೆಂದು ಕಾಣುತ್ತದೆ. ನಾನು ಅವನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ವೀಳ್ಯವಾಗಿದೆ ಎಂದೆ. ಬೇಲಿಯ ಹಿಂದೆ ನಿಂತು ಅವಳು ನಮ್ಮನ್ನು ನೋಡಿದ್ದನ್ನೂ, ಆ ದೂರು ನಂಬದೆ ಗುರುತು ಹಿಡಿದು ನಕ್ಕದ್ದನ್ನೂ, ಹೇಳಿದರೂ ಯಾರೂ ಕೇಳದೆ ಹೋದದ್ದನ್ನೂ ಹೇಳಿದೆ. ಅವನು ತಲೆ ಎತ್ತಲಿಲ್ಲ. ಚಕ್ರ ತಿರುಗಿಸುತ್ತಲೇ ಇದ್ದ. ಆಮೇಲೆ ಕೈ ನಿಲ್ಲಿಸಿದ.

"ನಗಾಡುದ್ಲಾ?" ಎಂದು ಕೇಳಿದ.

ಹೂಂ, ನಗು ತಡೆಯಲಾಗಲಿಲ್ಲವಂತೆ ಎಂದೆ.

"ಅಷ್ಟ್ ಸಾಕು ಬುಡು," ಎಂದ.

ಅವನಿಗೆ ಸಾಕಾಯಿತೇನೋ. ನನಗೆ ಇವತ್ತಿಗೂ ಸಾಕಾಗಿಲ್ಲ.